ಯಾರು ಮುಟ್ಟಿದರು?

ಕಳೆದ ವರ್ಷ ಗಣೇಶನ ಹಬ್ಬದ ರಾತ್ರಿ ನಮ್ಮ ಮನೆಯಲ್ಲಿ ಮೂವರು ವಾಂತಿ ಮಾಡಿಕೊಂಡೆವು. ಪತ್ರಿಕೆಯಲ್ಲಿ ಹೇಳಿಕೊಳ್ಳುವಂಥ ವಿಷಯ ಇದಲ್ಲವೆಂದು ನನಗೂ ಗೊತ್ತು. ಆದರೆ ಆ ರಾತ್ರಿ ನನ್ನ ಬಾಯಿಂದ ಹೊರಟ ಒಂದು ಮಾತು ಅಂದಿನಿಂದಲೂ ನನ್ನನ್ನು ಬಿಡದೆ ಕಾಡುತ್ತಿದೆ. ಆ ಮಾತಿನ ಸಲುವಾಗಿ ಈ ಸುದ್ದಿಯನ್ನೂ ವಾಚಕರು ಸಹಿಸಿಕೊಳ್ಳಬೇಕು.

ಹಬ್ಬಕ್ಕೆ ಬರುತ್ತೇವೆಂದಿದ್ದ ನೆಂಟರು ಬರಲಿಲ್ಲ. ಹತ್ತು ಮಂದಿಗೆಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಬಸಿದಿಟ್ಟ ಅನ್ನ ದೊಡ್ಡ ತಪ್ಪಲೆಯಲ್ಲಿ ಅರ್ಧಕ್ಕರ್ಧ ಉಳಿಯಿತು. ಹಬ್ಬದ ದಿನ ಅನ್ನ ಚೆಲ್ಲುವುದುಂಟೆ? ಫ್ರಿಜ್ಜಿನಲ್ಲಿ ಕಡುಬು, ಪಾಯಸ, ಬಿಡಿ ಹೂವು ಎಲ್ಲ ತುಂಬಿಕೊಂಡು ತಪ್ಪಲೆಗೆ ಜಾಗವಿರಲಿಲ್ಲ. ತಟ್ಟೆ ಮುಚ್ಚಿ ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಇಟ್ಟೆವು. ರಾತ್ರಿ ಎಂಟಕ್ಕೆ ನಾನೇ ಉತ್ಸಾಹದಿಂದ ಚಿತ್ರಾನ್ನ ಕಲೆಸಿದೆ. ಗಂಡಸರಿಗೆ ಬರುವ ಅಡಿಗೆ ಎರಡೋ ಮೂರೋ. ಅವುಗಳಲ್ಲಿ ಚಿತ್ರಾನ್ನಕ್ಕೆ ಮೊದಲ ಸ್ಥಾನ. ಸಾಸಿವೆ ಸಿಡಿಸಿ, ಕಡಲೆಕಾಯಿ ಬೀಜ ಹುರಿದು, ನಿಂಬೆಹಣ್ಣು ಹಿಂಡಿ, ಅದು ಬಲು ಸೊಗಸಾಗಿಯೇ ಆಗಿತ್ತು. ನಾನು, ಮಗಳು, ಮೊಮ್ಮಗಳು ಉಂಡೆವು. ಮಧ್ಯಾಹ್ನದ ಊಟವೇ ಭಾರವಾಯಿತೆಂದು ನನ್ನಾಕೆ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಉಂಡ ಮೂವರೂ ಬಚ್ಚಲ ಬಾಗಿಲಲ್ಲಿ ಸರದಿ ಕಾಯುತ್ತಿದ್ದೆವು.

ಮೊಮ್ಮಗಳ ಹಣೆ ಹಿಡಿದುಕೊಂಡು ಕೂತಿದ್ದಾಗ ನಾನು ಕೇಳಿದ ಪ್ರಶ್ನೆ ಇದು: "ಅನ್ನವನ್ನು ಯಾರು ಮುಟ್ಟಿದರು? ಗೌರಮ್ಮ ಇವತ್ತು ಒಳಗೆ ಬಂದಿದ್ದಳೇನು?"

ಗೌರಮ್ಮ ಎಂಬುದು ಆಕೆಯ ನಿಜವಾದ ಹೆಸರಲ್ಲ. ಹನ್ನೆರಡು ವರ್ಷಗಳಿಂದ ನಮ್ಮ ಮನೆಯ ಪಾತ್ರೆ ತೊಳೆಯುತ್ತಿರುವಾಕೆ. ನನ್ನಾಕೆ ನನ್ನ ಮುಖವನ್ನೇ ನೋಡಿ, "ಹಬ್ಬ ಅಂತ ನಾವೇ ರಜ ಕೊಟ್ಟಿದ್ದೇವಲ್ಲ. ಅವಳು ಬಂದೇ ಇಲ್ಲ. ಅನ್ನ ಮುಟ್ಟಿದ್ದು ನೀವು," ಎಂದಳು.

ಬೆಳಗಾಗುವಷ್ಟರಲ್ಲಿ ಎಲ್ಲರಿಗೂ ಹೊಟ್ಟೆ ತಹಬಂದಿಗೆ ಬಂದಿತ್ತು. ಆದರೂ ಮಗುವಿನ ವಿಷಯವೆಂದು ಪಕ್ಕದ ಬೀದಿಯ ಡಾಕ್ಟರರ ಬಳಿಗೆ ಹೋದೆವು. ಅವರು ಯಾರು ಮುಟ್ಟಿದರು ಎಂದು ಕೇಳಲೇ ಇಲ್ಲ. "ಅನ್ನ ಮಾಡಿದ್ದು ಎಷ್ಟು ಹೊತ್ತಿಗೆ? ಎಲ್ಲಿಟ್ಟಿದ್ದಿರಿ?" ಎಂದರು. ನಾನು ಹೇಳಿದೆ. "ಮತ್ತೆ ಬಿಸಿ ಮಾಡಿದೆವಲ್ಲ, ನಿಂಬೆಹಣ್ಣನ್ನೂ ಹಿಂಡಿದ್ದೆನಲ್ಲ," ಎಂದೂ ಸೇರಿಸಿದೆ. ಅವರು ನಕ್ಕು, "ಅಷ್ಟು ಹೊತ್ತಿಗೆ ಕೆಲಸ ಮುಗಿದಿತ್ತು ಸ್ವಾಮಿ," ಎಂದರು.

ಆ ಕೆಲಸ ಏನೆಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ರೋಗಲಕ್ಷಣಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಸೂಕ್ಷ್ಮಜೀವಿಯ ಹೆಸರು ಬ್ಯಾಸಿಲಸ್ ಸೀರಿಯಸ್. ಇದು ಮಣ್ಣಿನ ಜೀವಿ; ಗದ್ದೆಯಿಂದ ಅಕ್ಕಿಯ ಜೊತೆಗೇ ಮನೆಗೆ ಬರುತ್ತದೆ. ಕಷ್ಟಕಾಲ ಬಂದಾಗ ಗಟ್ಟಿಯಾದ ಕವಚದೊಳಗೆ ಬೀಜದಂತೆ ಮುದುರಿಕೊಂಡು ಕೂತುಬಿಡುವುದು ಅದರ ಸ್ವಭಾವ. ಕುದಿಯುವ ಎಸರಿನಲ್ಲಿ ಉಳಿದ ಜೀವಿಗಳು ಬಹುಪಾಲು ಸಾಯುತ್ತವೆ, ಈ ಬೀಜ ಸಾಯುವುದಿಲ್ಲ. ಅನ್ನ ಮೆಲ್ಲಗೆ ಆರತೊಡಗಿದಾಗ, ಪೈಪೋಟಿಗೆ ಯಾರೂ ಇಲ್ಲದ ಬೆಚ್ಚನೆಯ ತಪ್ಪಲೆಯಲ್ಲಿ ಅದು ಕಣ್ಣು ಬಿಡುತ್ತದೆ. ಅನುಕೂಲವಿದ್ದರೆ ಇಂಥ ಜೀವಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಅನ್ನ ಆರಲು ಎರಡು ಗಂಟೆಯೆಂದು ಕಳೆದರೂ ರಾತ್ರಿಯವರೆಗೆ ಏಳು ಗಂಟೆ ಉಳಿಯಿತು; ಅಂದರೆ 21 ಸಲ ಇಮ್ಮಡಿ. ಒಂದಿದ್ದದ್ದು 20 ಲಕ್ಷವನ್ನು ದಾಟುತ್ತದೆ. ಹೀಗೆ ಬೆಳೆಯುತ್ತಾ ಅದು ಅನ್ನದಲ್ಲಿ ಬಿಟ್ಟುಹೋಗುವ ವಿಷವು ಒಗ್ಗರಣೆಯ ಬಿಸಿಗೆ ಜಗ್ಗುವಂಥದಲ್ಲ. ಬಣ್ಣ, ರುಚಿ, ವಾಸನೆ ಯಾವುದೂ ಸುಳಿವು ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಮನೆಗಳಿಗೆಂದು ಹೊರಡಿಸಿದ ಐದು ಸರಳ ಸೂತ್ರಗಳಲ್ಲಿ ಒಂದು ಇದೇ: ಬೇಯಿಸಿದ್ದನ್ನು 5ರಿಂದ 60 ಡಿಗ್ರಿಗಳ ನಡುವಿನ ಶಾಖದಲ್ಲಿ ಹೆಚ್ಚು ಹೊತ್ತು ಬಿಡಬೇಡಿ, ಹೊರಗೆ ಎರಡು ಗಂಟೆ ಮೀರಬಾರದು. ನಮ್ಮ ತಪ್ಪಲೆ ಒಂಬತ್ತು ಗಂಟೆ ಹೊರಗಿತ್ತು.

ನಾವು ಸಸ್ಯಾಹಾರಿಗಳು. ರೋಗಾಣುಗಳೆಂದರೆ ಮಾಂಸದ ಅಂಗಡಿಯಲ್ಲಿ, ಬೀದಿಯ ಗಾಡಿಯಲ್ಲಿ, ಪರರ ಮನೆಯಲ್ಲಿ ಇರುವಂಥವು ಎಂಬ ಒಂದು ಸುಖವಾದ ನಂಬಿಕೆ ನಮ್ಮಲ್ಲಿತ್ತು. ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ನೀರಿನ ಹನಿಯೊಡನೆ ರೋಗಾಣುಗಳು ಅಕ್ಕಪಕ್ಕಕ್ಕೆಲ್ಲ ಸಿಡಿಯುತ್ತವೆ ಎಂಬುದು ನಿಜವೇ. ಅದನ್ನು ಮಾಂಸಾಹಾರಿ ಗೆಳೆಯರಿಗೆ ನಾನೇ ಒಮ್ಮೆ ಉಪದೇಶ ಮಾಡಿದ್ದೇನೆ. ನನ್ನ ಮನೆಯ ದೇವರ ನೈವೇದ್ಯದ ಅನ್ನ ಯಾವ ಉಪದೇಶವನ್ನೂ ಕೇಳದೆ ತನ್ನ ಪಾಡಿಗೆ ವಿಷವಾಯಿತು.

ಹೊಟ್ಟೆಯ ಸಂಕಟ ಒಂದೇ ರಾತ್ರಿಯದು. ಪ್ರಶ್ನೆಯ ಸಂಕಟ ಹಾಗೆ ಹೋಗಲಿಲ್ಲ. ನಾನು ಕಾಲೇಜು ಓದಿದವನು. ಮಡಿ ಮೈಲಿಗೆಗಳನ್ನು ಬಿಟ್ಟು ಐವತ್ತು ವರ್ಷವಾಯಿತೆಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದವನು. ಸಂಕಟ ಬಂದ ಗಳಿಗೆಯಲ್ಲಿ, ಎಷ್ಟು ಹೊತ್ತು, ಎಷ್ಟು ಶಾಖ ಎಂದು ಕೇಳುವ ಬದಲು ಯಾರು ಎಂದು ಕೇಳಿದೆ. ಆ ಪ್ರಶ್ನೆ ನನ್ನದಲ್ಲ, ನನ್ನ ಅಜ್ಜಿಯದು. ಆಕೆ ಹೋಗಿ ಎಷ್ಟೋ ಕಾಲವಾದ ಮೇಲೂ ನನ್ನ ನಾಲಗೆಯ ಮೇಲೆ ಕೂತು ಕೇಳಿದಳು.

ಅಜ್ಜಿಗೆ ಅನ್ಯಾಯವಾಗಬಾರದು. ಆಕೆಯ ಅಡಿಗೆಮನೆಯನ್ನು ನೆನೆದರೆ ಇಂದಿಗೂ ನನಗೆ ಗೌರವವೇ ಬರುತ್ತದೆ. ಮಿಂದು, ಗಳುವಿನ ಮೇಲೆ ಒಣಗಿದ ಮಡಿಸೀರೆ ಉಟ್ಟು ಒಲೆ ಹಚ್ಚಿದರೆ ಮುಗಿಯುವತನಕ ಮೂಗು ತಲೆ ಮುಟ್ಟಿಕೊಳ್ಳುತ್ತಿರಲಿಲ್ಲ. ಅಡಿಗೆ ಬೆಳಿಗ್ಗೆ ಬೇರೆ, ರಾತ್ರಿ ಬೇರೆ. ಅನ್ನ ಮುಟ್ಟಿದ ಕೈ ಮುಸುರೆಯ ಕೈ. ಅದನ್ನು ತೊಳೆಯದೆ ಹಾಲು, ಮೊಸರು, ಉಪ್ಪಿನಕಾಯಿಯ ಜಾಡಿ ಯಾವುದನ್ನೂ ಮುಟ್ಟುವಂತಿಲ್ಲ. ಈ ಮುಸುರೆಯೆಂಬ ಕಟ್ಟಳೆಯನ್ನು ಇಂದಿನ ಯಾವ ಹೋಟೆಲಿನ ಅಡಿಗೆಯವನಿಗೆ ಕಲಿಸಿದರೂ ಆರೋಗ್ಯಾಧಿಕಾರಿಗಳು ಸಂತೋಷಪಟ್ಟಾರು. ಎಲ್ಲಕ್ಕಿಂತ ಹೆಚ್ಚಾಗಿ, ನೋಡುವವರು ಯಾರೂ ಇಲ್ಲದಾಗಲೂ ಆಕೆ ಹಾಗೆಯೇ ನಡೆದುಕೊಳ್ಳುತ್ತಿದ್ದಳು. ಅದು ಸಣ್ಣ ಗುಣವಲ್ಲ.

ಹಾಗೆಂದು, ಹಿರಿಯರಿಗೆ ಸೂಕ್ಷ್ಮಜೀವಿಗಳ ರಹಸ್ಯವೆಲ್ಲ ಮೊದಲೇ ಗೊತ್ತಿತ್ತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವವರ ಸಾಲಿಗೆ ನಾನು ಸೇರಲಾರೆ. ಗೊತ್ತಿದ್ದರೆ ಅಜ್ಜಿಯ ಮಸಿಬಟ್ಟೆಯ ಗತಿ ಹಾಗಿರುತ್ತಿರಲಿಲ್ಲ. ಒಲೆಯಿಂದ ಪಾತ್ರೆ ಇಳಿಸುವುದೂ ಅದರಲ್ಲೇ, ಕಟ್ಟೆ ಒರೆಸುವುದೂ ಅದರಲ್ಲೇ, ಒದ್ದೆ ಕೈ ಒರೆಸಿಕೊಳ್ಳುವುದೂ ಅದರಲ್ಲೇ. ಅದು ಒಣಗಿದ್ದನ್ನು ನಾನು ಕಂಡಿಲ್ಲ. ತೇವವೂ ಬೆಚ್ಚಗೂ ಇರುವ, ಅನ್ನದ ಅಗುಳು ಮೆತ್ತಿಕೊಂಡ ಅಂಥ ಬಟ್ಟೆಗಿಂತ ಒಳ್ಳೆಯ ತವರುಮನೆ ಬ್ಯಾಕ್ಟೀರಿಯಾಕ್ಕೆ ಬೇರೆ ಇಲ್ಲ. ಆದರೆ ಮಡಿಯ ಅಡಿಗೆಮನೆಯೊಳಗೇ ಹುಟ್ಟಿ ಬೆಳೆದ ಬಟ್ಟೆಯಾದ್ದರಿಂದ ಅದು ಮಡಿಯೇ! ಇನ್ನು ತಾತನ ಪಟ್ಟೆಮಗುಟ. ರೇಷ್ಮೆಗೆ ಮೈಲಿಗೆಯಿಲ್ಲವೆಂದು ಶಾಸ್ತ್ರ. ಅದು ನೀರು ಕಂಡದ್ದು ಯಾವ ಸಂವತ್ಸರದಲ್ಲೋ. ಪೂಜೆಗೆ ಕೂತ ತಾತನ ಪಕ್ಕದಲ್ಲಿ ನಾವು ಹುಡುಗರು ಮೂಗು ಮುಚ್ಚಿಕೊಳ್ಳಲಾರದೆ ಉಸಿರು ಬಿಗಿಹಿಡಿಯುತ್ತಿದ್ದೆವು. ಅದನ್ನು ಭಕ್ತಿಯೆಂದು ದೊಡ್ಡವರು ತಿಳಿದರು. ಆದರೆ ಅಂದೇ ತಾನೆ ಒಗೆದ ಬಟ್ಟೆಯುಟ್ಟು, ಸೋಪು ಹಚ್ಚಿ ಮಿಂದು ಬಂದ ಜೀತದಾಳಿನ ಮಗ ಹಿತ್ತಲ ಬಾಗಿಲಿಂದ ಒಳಕ್ಕೆ ಕಾಲಿಡುವಂತಿರಲಿಲ್ಲ.

ಮಡಿಯ ಗುಟ್ಟು ಇಲ್ಲಿದೆ. ಅದರ ಲೆಕ್ಕದಲ್ಲಿ ಕೊಳೆ ಎಂಬುದು ವಸ್ತುವಲ್ಲ, ವ್ಯಕ್ತಿ. ಕೊಳೆ ಯಾವಾಗಲೂ ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ, ಅವರಿಂದ ನನ್ನ ಕಡೆಗೆ ಬರುತ್ತದೆ, ನನ್ನಿಂದ ಹೊರಡುವುದಿಲ್ಲ. ಮಡಿ ಮಡಿಯೆಂದು ಹಾರಾಡುವವರನ್ನು ನಾನೂರೈವತ್ತು ವರ್ಷಗಳ ಹಿಂದೆಯೇ ಪುರಂದರದಾಸರು ಹಾಡಿನಲ್ಲಿ ಹಾಸ್ಯ ಮಾಡಿದರು. ನಾವು ಆ ಹಾಡನ್ನು ಮಡಿಯುಟ್ಟುಕೊಂಡೇ ಹಾಡಿದೆವು. ಪತಂಜಲಿಯು ನಿಯಮಗಳಲ್ಲಿ ಮೊದಲನೆಯದಾಗಿ ಹೇಳಿದ್ದು ಶೌಚವನ್ನು. ಅದು ತನ್ನ ಮೈಯನ್ನೂ ಮನಸ್ಸನ್ನೂ ತಾನು ತೊಳೆದುಕೊಳ್ಳುವ ವಿಷಯ. ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವುದಲ್ಲ. ಆ ದೊಡ್ಡ ಮಾತು ಇಂದು ನಮ್ಮ ಭಾಷೆಯಲ್ಲಿ ಶೌಚಾಲಯದ ಬೋರ್ಡಿನ ಮೇಲೆ ಮಾತ್ರ ಉಳಿದಿದೆ.

ಸೂಕ್ಷ್ಮಜೀವಿಶಾಸ್ತ್ರ ಬಂದು ಮಾಡಿದ ದೊಡ್ಡ ಕೆಲಸವೆಂದರೆ ಕೊಳೆಯ ಈ ದಿಕ್ಕನ್ನು ತಿರುಗಿಸಿದ್ದು. 1683ರಲ್ಲಿ ಹಾಲೆಂಡಿನ ಬಟ್ಟೆವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದ್ದು ಯಾವ ಚರಂಡಿಯ ಕೊಳಚೆಯೂ ಅಲ್ಲ, ತನ್ನದೇ ಹಲ್ಲಿನ ಸಂದಿಯ ಬಿಳಿಯ ಪಾಚಿ. ಅದರಲ್ಲಿ ಜೀವಿಗಳು ಕುಣಿಯುತ್ತಿದ್ದವು. ದಿನವೂ ಹಲ್ಲುಜ್ಜುವ ಅಚ್ಚುಕಟ್ಟಾದ ಮನುಷ್ಯ ಆತ. 2016ರಲ್ಲಿ ವಿಜ್ಞಾನಿಗಳು ಹಾಕಿದ ಒಂದು ಅಂದಾಜಿನ ಪ್ರಕಾರ ಒಬ್ಬ ಸಾಧಾರಣ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ವಾಸವಾಗಿವೆ. ಅವನ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಮೆ ಅಷ್ಟೇ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು, ಎಷ್ಟೋ ಉಪಕಾರಿಗಳು. ರಾತ್ರಿ ಇಡ್ಲಿಯ ಹಿಟ್ಟನ್ನು ಉಬ್ಬಿಸುವುದು, ಹಾಲನ್ನು ಹೆಪ್ಪುಗಟ್ಟಿಸುವುದು ಇವುಗಳ ಬಂಧುಗಳೇ. ಹಾಗಾಗಿ ಬ್ಯಾಕ್ಟೀರಿಯಾ ಎಂದ ಕೂಡಲೆ ಹೌಹಾರಿ ಎಲ್ಲವನ್ನೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕೊಲ್ಲುತ್ತೇವೆಂದು ಸಾರುವ ಜಾಹೀರಾತುಗಳೂ ನನಗೆ ಹೊಸ ಬಗೆಯ ಮಡಿಯಂತೆಯೇ ಕಾಣುತ್ತವೆ. ವಿಜ್ಞಾನ ಹೇಳುವುದು ಇಷ್ಟೆ: ಇನ್ನೊಬ್ಬರಿಗೆ ಹಾನಿ ಮಾಡಬಲ್ಲದ್ದು ನಿನ್ನ ಕೈಯಲ್ಲಿಯೂ ಇರಬಹುದು, ತೊಳೆದುಕೋ.

ಈ ಮಾತನ್ನು ಒಪ್ಪಿಕೊಳ್ಳುವುದು ಕಲಿತವರಿಗೆ ಕೂಡ ಎಷ್ಟು ಕಷ್ಟವಾಯಿತೆಂಬುದಕ್ಕೆ ವಿಯೆನ್ನಾದ ದೊಡ್ಡಾಸ್ಪತ್ರೆಯ ಕಥೆಯಿದೆ. ಅಲ್ಲಿ ಎರಡು ಹೆರಿಗೆ ವಾರ್ಡುಗಳು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುವರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಸೂಲಗಿತ್ತಿಯರ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಾರೆ ಎಂಬುದನ್ನು ಕಂಡುಕೊಂಡ ಸೆಮ್ಮೆಲ್‌ವೈಸ್ 1847ರ ಮೇ ತಿಂಗಳಲ್ಲಿ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದ. ಏಪ್ರಿಲ್ಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯರನೇಕರು ಅವನನ್ನು ನಂಬಲಿಲ್ಲ. ಅಂಕಿಗಳು ಕಾಣಲಿಲ್ಲವೆಂದಲ್ಲ, ತಮ್ಮಂಥವರ ಕೈ ಸಾವನ್ನು ಹೊತ್ತು ತರಬಲ್ಲುದೆಂಬ ಮಾತನ್ನು ಅರಗಿಸಿಕೊಳ್ಳಲಾಗಲಿಲ್ಲ. 1865ರಲ್ಲಿ ಆತ ಹುಚ್ಚಾಸ್ಪತ್ರೆಯಲ್ಲಿ ಗಾಯ ನಂಜಾಗಿ ಸತ್ತ.

ಆ ವೈದ್ಯರನ್ನು ಬೈಯುವುದು ಸುಲಭ. ಅಡಿಗೆಮನೆಯ ಪ್ರಶ್ನೆ ಅಷ್ಟು ಸುಲಭದ್ದಲ್ಲವೆಂದು ನನಗೆ ತೋರಿಸಿಕೊಟ್ಟವಳು ಮೇರಿ ಮ್ಯಾಲನ್ ಎಂಬ ಅಡಿಗೆಯವಳು. 1869ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಹೊಟ್ಟೆಪಾಡಿಗೆ ಅಮೆರಿಕೆಗೆ ಹೋದವಳು. ಕೈ ರುಚಿಯಿತ್ತು, ನ್ಯೂಯಾರ್ಕಿನ ಸಾಹುಕಾರರ ಮನೆಗಳಲ್ಲಿ ಒಳ್ಳೆಯ ಸಂಬಳಕ್ಕೆ ಅಡಿಗೆ ಮಾಡುತ್ತಿದ್ದಳು. 1906ರ ಬೇಸಿಗೆಯಲ್ಲಿ ಆಯ್‌ಸ್ಟರ್ ಬೇ ಎಂಬ ಊರಿನಲ್ಲಿ ಒಬ್ಬ ಬ್ಯಾಂಕಿನ ಧಣಿಯ ಬಾಡಿಗೆ ಬಂಗಲೆಯಲ್ಲಿ ಹನ್ನೊಂದು ಜನರಿದ್ದ ಮನೆಯ ಆರು ಮಂದಿಗೆ ವಿಷಮಶೀತ ಜ್ವರ ಬಂತು. ನಾವು ಟೈಫಾಯಿಡ್ ಎನ್ನುವುದು ಇದನ್ನೇ. ಶ್ರೀಮಂತರ ಮನೆಯಲ್ಲಿ ಬಡವರ ರೋಗ ಹೇಗೆ ಬಂತೆಂದು ಪತ್ತೆ ಹಚ್ಚಲು ಜಾರ್ಜ್ ಸೋಪರ್ ಎಂಬ ಆರೋಗ್ಯ ಎಂಜಿನಿಯರನನ್ನು ಕರೆಸಿದರು. ನೀರಲ್ಲ, ಹಾಲಲ್ಲ, ಚರಂಡಿಯಲ್ಲ. ಕೊನೆಗೆ ಆತ ಅಡಿಗೆಯವಳ ಹಿಂದಿನ ಮನೆಗಳ ಪಟ್ಟಿ ಹಾಕಿದ. ಎಂಟು ಮನೆಗಳಲ್ಲಿ ಏಳರಲ್ಲಿ ಆಕೆ ಬಂದ ಮೇಲೆ ಜ್ವರ ಬಂದಿತ್ತು. ಬೇಯಿಸಿದ ಅಡಿಗೆಯಿಂದ ರೋಗ ಹರಡುವುದು ಕಷ್ಟ, ಬೆಂಕಿ ಕೊಲ್ಲುತ್ತದೆ. ಹಸಿ ಪೀಚ್ ಹಣ್ಣನ್ನು ಹೆಚ್ಚಿಹಾಕಿ ಆಕೆ ಮಾಡುತ್ತಿದ್ದ ಐಸ್‌ಕ್ರೀಮಿನ ಮೇಲೆ ಅವನ ಸಂಶಯ ಹೋಯಿತು. ಎಲ್ಲರೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದ ತಿನಿಸು ಅದು.

ಮೇರಿಗೆ ಜ್ವರವೇ ಇರಲಿಲ್ಲ. ಗಟ್ಟಿಮುಟ್ಟಾದ ಹೆಂಗಸು. ವಿಷಮಶೀತದಿಂದ ಗುಣವಾದ ಕೆಲವರ ಪಿತ್ತಕೋಶದಲ್ಲಿ ಆ ಜೀವಿ ವರ್ಷಗಟ್ಟಲೆ ಮನೆ ಮಾಡಿಕೊಂಡಿರುತ್ತದೆ, ಅವರಿಗೆ ಏನೂ ಮಾಡುವುದಿಲ್ಲ, ಮಲದಲ್ಲಿ ಹೊರಬಂದು, ಸರಿಯಾಗಿ ತೊಳೆಯದ ಕೈಯಿಂದ ಇನ್ನೊಬ್ಬರ ಬಾಯಿ ಸೇರುತ್ತದೆ. ಇದು ಆಗತಾನೇ ವಿಜ್ಞಾನಿಗಳಿಗೆ ತಿಳಿಯುತ್ತಿದ್ದ ಸಂಗತಿ. ಗುರುತಿಲ್ಲದ ಗಂಡಸೊಬ್ಬ ಅಡಿಗೆಮನೆಗೆ ಬಂದು, ನಿನ್ನಿಂದ ಜನ ಸಾಯುತ್ತಿದ್ದಾರೆ, ನಿನ್ನ ಮಲಮೂತ್ರ ಪರೀಕ್ಷೆಗೆ ಕೊಡು ಎಂದರೆ ಯಾವ ಹೆಂಗಸು ಸುಮ್ಮನಿದ್ದಾಳು? ಮಾಂಸ ಕೊಯ್ಯುವಾಗ ಹಿಡಿಯುವ ಕವಲುಮುಳ್ಳು ಹಿಡಿದು ಆಕೆ ಅವನನ್ನು ಅಟ್ಟಿದಳು. 1907ರಲ್ಲಿ ಪೊಲೀಸರು ಹಿಡಿದೊಯ್ದು ನಾರ್ತ್ ಬ್ರದರ್ ಎಂಬ ದ್ವೀಪದ ಆಸ್ಪತ್ರೆಯಲ್ಲಿಟ್ಟರು. ಅಪರಾಧವಿಲ್ಲ, ವಿಚಾರಣೆಯಿಲ್ಲ. 1909ರಲ್ಲಿ ಕೋರ್ಟಿಗೆ ಹೋದಳು, ಬಿಡಲಿಲ್ಲ. 1910ರಲ್ಲಿ, ಇನ್ನು ಅಡಿಗೆ ಕೆಲಸ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಡಿಗೆಯ ಸಂಬಳ ಅದರಲ್ಲಿ ಎಲ್ಲಿಂದ ಬರಬೇಕು? ಕೆಲಕಾಲದ ಮೇಲೆ ಆಕೆ ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ಜ್ವರ ಬಂತು, ಇಬ್ಬರು ಸತ್ತರು. ಅಲ್ಲಿನ ಅಡಿಗೆಯವಳು ಮೇರಿ. ಮತ್ತೆ ಅದೇ ದ್ವೀಪ. ಈ ಸಲ ಬಿಡುಗಡೆಯಾದದ್ದು 1938ರ ನವೆಂಬರಿನಲ್ಲಿ, ಸಾವು ಬಂದಾಗ.

ಆಕೆ ತಪ್ಪಿತಸ್ಥಳೆ? 1906ರ ಮೇರಿಯನ್ನು ನಾನು ನಿಸ್ಸಂಕೋಚವಾಗಿ ಬಿಟ್ಟುಬಿಡುತ್ತೇನೆ. ಆಕೆಯ ಪೀಚ್ ಐಸ್‌ಕ್ರೀಮೂ ನನ್ನ ಚಿತ್ರಾನ್ನವೂ ಒಂದೇ ಜಾತಿಯವು, ಪ್ರೀತಿಯಿಂದ ಬಡಿಸಿದ ವಿಷ. ಕಾಣದ್ದಕ್ಕೆ ಯಾರನ್ನು ದೂರುವುದು? 1915ರ ಮೇರಿಯ ವಿಷಯದಲ್ಲಿ ಹಾಗೆನ್ನಲಾರೆ. ತನ್ನ ಮೈಯಲ್ಲಿ ರೋಗವಿದೆಯೆಂದು ಆಕೆ ಕೊನೆಯತನಕ ಒಪ್ಪಲಿಲ್ಲವೆನ್ನುತ್ತಾರೆ. ಇರಬಹುದು. ಆದರೆ ಹೆಸರು ಮರೆಸಿಕೊಂಡವಳ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಅಳುಕು ಇದ್ದಿರಲೇಬೇಕು. ಬಾಣಂತಿಯರಿಗೆ ಬಡಿಸುವ ಕೈ ಎಂಬ ನೆನಪೂ ಇರಬೇಕಿತ್ತು. ನನಗೆ ರೋಗವಿಲ್ಲ, ಆದ್ದರಿಂದ ನನ್ನಿಂದ ರೋಗ ಬಾರದು ಎಂದು ಆಕೆ ಹಟ ಹಿಡಿದಳು. ವಿಯೆನ್ನಾದ ವೈದ್ಯರು ಹಿಡಿದದ್ದೂ ಅದೇ ಹಟವಲ್ಲವೆ? ಅವರು ದ್ವೀಪಕ್ಕೆ ಹೋಗಲಿಲ್ಲ ಅಷ್ಟೆ.

ಇಲ್ಲಿಗೇ ತೀರ್ಪು ಬರೆದು ಮೇರಿಯ ಕಡತ ಮುಚ್ಚಲು ಮನಸ್ಸು ಒಪ್ಪುವುದಿಲ್ಲ. ಆಕೆ ಸಾಯುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅವಳಂತೆಯೇ ರೋಗ ಹೊತ್ತು ಆರೋಗ್ಯವಾಗಿದ್ದವರು ನೂರಾರು ಮಂದಿಯನ್ನು ಗುರುತಿಸಿದ್ದರು. ಅವರಲ್ಲಿ ಅಡಿಗೆಯ ವ್ಯಾಪಾರ ಬಿಡದವರೂ ಇದ್ದರು. ಯಾರನ್ನೂ ಆಕೆಯಂತೆ ಇಪ್ಪತ್ತಾರು ವರ್ಷ ದ್ವೀಪದಲ್ಲಿಡಲಿಲ್ಲ. ಅಡಿಗೆ ಬಿಡು ಎಂದವರು ಅಡಿಗೆಯಷ್ಟೇ ಅನ್ನ ಕೊಡುವ ಇನ್ನೊಂದು ಕಸುಬನ್ನು ಕೈಗೆ ಕೊಟ್ಟಿದ್ದರೆ, ಪೊಲೀಸರಿಗೆ ಮೊದಲು ತಿಳಿಹೇಳುವ ಯಾರಾದರೂ ಹೋಗಿದ್ದರೆ, ಆ 25 ಮಂದಿಗೆ ಜ್ವರ ಬರುತ್ತಿತ್ತೆ? ಊರಿನವರು ತಮ್ಮ ಕ್ಷೇಮಕ್ಕಾಗಿ ಒಬ್ಬಳಿಂದ ಬದುಕನ್ನೇ ಕೇಳಿದರು. ಪ್ರತಿಯಾಗಿ ಏನನ್ನೂ ಕೊಡಬೇಕೆನ್ನಿಸಲಿಲ್ಲ.

ನ್ಯೂಯಾರ್ಕಿನ ಊರಿನವರನ್ನು ನಾನು ಹೀಗೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ ಗೌರಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು.

ಆಕೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ನಾಲ್ಕು ಮನೆ ಮುಗಿಸಿ ಗೂಡು ಸೇರುವುದು ಮಧ್ಯಾಹ್ನ ಒಂದರ ಮೇಲೆ. ಈ ಆರು ಗಂಟೆ ಆಕೆ ಬಹಿರ್ದೆಸೆಗೆ ಎಲ್ಲಿ ಹೋಗುತ್ತಾಳೆ ಎಂದು ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ನಮ್ಮ ಮನೆಯ ಕಕ್ಕಸನ್ನು ಆಕೆ ತೊಳೆಯುತ್ತಾಳೆ, ಉಪಯೋಗಿಸುವುದಿಲ್ಲ. ಬೇಡವೆಂದು ನಾವು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಕೈ ತೊಳೆಯುವ ಸೋಪು ಇರುವುದು ಒಳಗಿನ ಬೇಸಿನ್ನಿನ ಮೇಲೆ. ಹಿತ್ತಲಿನಲ್ಲಿರುವುದು ಪಾತ್ರೆಯ ಸೋಪು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ದಿನ ಆಕೆ ಕುಕ್ಕರುಗಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡದ್ದನ್ನು ಕಂಡು ನನ್ನಾಕೆ ಕೇಳಿದಳು. "ನಿನ್ನೆಯಿಂದ ಹೊಟ್ಟೆ ಕೆಟ್ಟೋಗಿದೆ ಅಮ್ಮ," ಎಂದಳು. "ಮತ್ತೆ ಯಾಕೆ ಬಂದೆ?" ಎಂದರೆ, "ಬರದಿದ್ರೆ ಆ ಮನೆಯೋರು ದುಡ್ಡು ಹಿಡೀತಾರೆ," ಎಂದಳು. ಆ ಮನೆಯವರು ಎಂದದ್ದು ಆಕೆಯ ಸೌಜನ್ಯ. ಅದಕ್ಕೂ ಹಿಂದೆ ಒಂದು ತಿಂಗಳು ನಾವೂ ಹಿಡಿದಿದ್ದೆವು.

ಅಂದು ಆಕೆಯ ಕೈಯಿಂದ ನಮಗೇನಾದರೂ ಬಂದಿದ್ದರೆ ಆ ರೋಗಕ್ಕೆ ಯಜಮಾನರು ಯಾರು? ಹೊಟ್ಟೆ ಕೆಟ್ಟವರು ವಾಸಿಯಾಗುವವರೆಗೆ ಅಡಿಗೆಮನೆಯ ಕೆಲಸ ಮಾಡಬಾರದೆಂದು ಎಲ್ಲ ಆರೋಗ್ಯ ಗ್ರಂಥಗಳೂ ಹೇಳುತ್ತವೆ. ಎರಡು ದಿನದ ಸಂಬಳದ ಜೊತೆ ಎರಡು ದಿನದ ರಜವೂ ಸಾಬೂನಿನಷ್ಟೇ, ಕುದಿನೀರಿನಷ್ಟೇ ಅಡಿಗೆಮನೆಯ ನೈರ್ಮಲ್ಯಕ್ಕೆ ಸೇರಿದ್ದು ಎಂಬುದು ಆ ಗ್ರಂಥಗಳ ಯಾವ ಪುಟದಲ್ಲಿದ್ದರೂ ನಮ್ಮ ಬಡಾವಣೆಯಲ್ಲಿ ಯಾರೂ ಓದಿದಂತಿಲ್ಲ. ನೈರ್ಮಲ್ಯವೆಂದರೆ ನನ್ನ ಕಟ್ಟೆ, ನನ್ನ ಪಾತ್ರೆ, ನನ್ನ ಫಿಲ್ಟರಿನ ನೀರು ಎಂದು ನಾವು ತಿಳಿದಿದ್ದೇವೆ. ಜೀವಿಗಳಿಗೆ ಕಾಂಪೌಂಡಿನ ಪರಿಚಯವಿಲ್ಲ.

ಇನ್ನು ಲೋಟದ ವಿಷಯ. ಹೇಳದೆ ಬಿಟ್ಟರೆ ಇಷ್ಟು ಬರೆದದ್ದೂ ಸುಳ್ಳಾದೀತು. ನಮ್ಮ ಮನೆಯಲ್ಲಿ ಮೊದಲು ಗೌರಮ್ಮನಿಗೆ ಬೇರೆ ಲೋಟವಿರಲಿಲ್ಲ. ಅದು ನನ್ನ ಹೆಮ್ಮೆಯ ಸಂಗತಿಗಳಲ್ಲಿ ಒಂದು. 2020ರಲ್ಲಿ ಕೊರೋನಾ ಬಂತು. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕಬಾರದೆಂಬ ದಿನಗಳು. ಕೆಲಕಾಲದ ಮೇಲೆ ಆಕೆ ಮತ್ತೆ ಕೆಲಸಕ್ಕೆ ಬರತೊಡಗಿದಾಗ ಹಿತ್ತಲ ಕಿಟಕಿಯ ಮೇಲೆ ಆಕೆಗೆಂದು ಒಂದು ಸ್ಟೀಲ್ ಲೋಟ ಬಂದು ಕೂತಿತು. ಆಗ ಅದಕ್ಕೆ ಕಾರಣವಿತ್ತು. ಆಕೆಯ ಕ್ಷೇಮಕ್ಕೂ ಅದು ಒಳ್ಳೆಯದೆಂದು ವಾದಿಸಬಹುದಿತ್ತು. ಕೊರೋನಾ ಹೋಯಿತು. ಮುಖಗವುಸು ಹೋಯಿತು, ಬಾಗಿಲಲ್ಲಿದ್ದ ಕೈಗೆ ಹಚ್ಚುವ ದ್ರಾವಣದ ಸೀಸೆ ಹೋಯಿತು. ಲೋಟ ಹೋಗಲಿಲ್ಲ. ಅಜ್ಜಿಯ ಕಾಲದಲ್ಲಿ ಹಿತ್ತಲ ಗೋಡೆಯ ಗೂಡಿನಲ್ಲಿ ಕೂತಿರುತ್ತಿದ್ದ ತೆಂಗಿನ ಕರಟಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ: ಅಜ್ಜಿ ಅದನ್ನು ಮೈಲಿಗೆ ಎನ್ನುತ್ತಿದ್ದಳು, ಯಾರಾದರೂ ಕೇಳಿದ್ದರೆ ನಾನು ಹೈಜೀನ್ ಎನ್ನುತ್ತಿದ್ದೆ. ಅಸ್ಪೃಶ್ಯತೆಯನ್ನು 1950ರ ಸಂವಿಧಾನ ನಿಷೇಧಿಸಿತು. ಅದು ಬಾಗಿಲಿನಿಂದ ಹೋಗಿ ಸೀಸೆಯ ಮೇಲಿನ ಚೀಟಿ ಓದಿಕೊಂಡು ಕಿಟಕಿಯಿಂದ ವಾಪಸು ಬಂತು.

ಹಬ್ಬದ ಮೂರನೆಯ ದಿನ ನಾನು ಆ ಲೋಟವನ್ನು ತೆಗೆದು ಒಳಗಿನ ಲೋಟಗಳ ನಡುವೆ ಬೋರಲು ಹಾಕಿದೆ. ದೊಡ್ಡ ಘನಕಾರ್ಯ ಮಾಡಿದವನಂತೆ ಪೇಪರು ಹಿಡಿದು ನಡುಮನೆಯಲ್ಲಿ ಕೂತೆ. ಗೌರಮ್ಮ ಕೆಲಸ ಮುಗಿಸಿ ಕಿಟಕಿಯ ಮೇಲೆ ತಡಕಾಡಿದಳು. "ಅಮ್ಮ, ನನ್ನ ಲೋಟ ಎಲ್ಲೋಯ್ತು?" ಎಂದಳು.

"ಎಲ್ಲ ಒಟ್ಟಿಗೇ ಇದೆ. ಯಾವುದಾದರೂ ತಗೋ," ಎಂದಳು ನನ್ನಾಕೆ ಕಾಫಿ ಬಸಿಯುತ್ತಾ.

ಆಕೆ ಒಳಗೆ ಬಂದು ಸ್ವಲ್ಪ ಹೊತ್ತು ನಿಂತಳು. ಸಾಲಿನಿಂದ ಒಂದು ಲೋಟ ತೆಗೆದು, ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿದಳು. ಆಮೇಲೆ ನಲ್ಲಿ ತಿರುಗಿಸಿ, ಅಂಚಿನ ಸುತ್ತ ಬೆರಳಾಡಿಸಿ ಚೆನ್ನಾಗಿ ತೊಳೆದು, ನೀರು ಝಾಡಿಸಿ ಮುಂದೆ ಹಿಡಿದಳು.

"ತೊಳೆದಿಟ್ಟದ್ದೇ ಅಲ್ಲವೇನೆ?" ಎಂದಳು ನನ್ನಾಕೆ.

"ಇರ್ಲಿ ಬಿಡಿ ಅಮ್ಮ," ಎಂದಳು ಗೌರಮ್ಮ.